ಒಂಬತ್ತು ಅಡಿಯ, 6ನೇ ತೂಕದ ಫ್ಲೈ ರಾಡ್: ಡೆಶೂಟ್ಸ್ ಮತ್ತು ಜಾನ್ ಡೇ ನದಿಗಳಲ್ಲಿ ದೀರ್ಘಕಾಲ ಬಳಸಿದ ಮೇಲೆ

ಇಲ್ಲಿ ವಿಮರ್ಶೆಗೆ ತೆಗೆದುಕೊಂಡಿರುವುದು ಒಂಬತ್ತು ಅಡಿ ಉದ್ದದ, ನಾಲ್ಕು ತುಂಡುಗಳಾಗಿ ಬಿಚ್ಚಿಡಬಹುದಾದ, 6ನೇ ತೂಕದ ಲೈನಿಗೆಂದು (ಲೈನೆಂದರೆ ಗಾಳದ ದಾರ) ತಯಾರಿಸಿದ ಕಾರ್ಬನ್ ಫ್ಲೈ ರಾಡ್, ಅಂದರೆ ಮೀನು ಹಿಡಿಯುವ ಗಾಳದ ಕೋಲು. ಮಧ್ಯಮ ದರ್ಜೆಯದು; ದಾರ ಸುತ್ತಿಡುವ ರೀಲನ್ನು ಬಿಟ್ಟು ರಾಡಿಗಷ್ಟೇ 400 ಡಾಲರ್‌ಗಿಂತ ತುಸು ಕಡಿಮೆ ಕೊಟ್ಟಿದ್ದೆ. ತಯಾರಕರ ಹೆಸರನ್ನು ಬರೆಯುತ್ತಿಲ್ಲ, ಏಕೆಂದರೆ ಇದೇ ಅಳತೆಯ, ಇದೇ ಬೆಲೆಯ ಆಸುಪಾಸಿನ ರಾಡುಗಳನ್ನು ಹಲವು ಕಂಪನಿಗಳು ಮಾಡುತ್ತವೆ, ಮತ್ತು ನಾನು ಹೇಳಲಿರುವುದರಲ್ಲಿ ಬಹುಪಾಲು ಆ ಎಲ್ಲ ರಾಡುಗಳಿಗೂ ಅನ್ವಯಿಸುತ್ತದೆ. ಅಮೆರಿಕದ ಆರೆಗಾನ್ ರಾಜ್ಯದಲ್ಲಿ, ಪೋರ್ಟ್‌ಲ್ಯಾಂಡ್‌ನ ಪಕ್ಕದ ಹಿಲ್ಸ್‌ಬರೊ ಮತ್ತು ಬೀವರ್ಟನ್‌ಗಳಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಲ್ಲಿ ಈ ಹವ್ಯಾಸಕ್ಕೆ ಇಳಿಯುವವರು ಕೇಳುವ ಮೊದಲ ಪ್ರಶ್ನೆ ಒಂದೇ: ಟ್ರೌಟ್, ಬಾಸ್, ಸ್ಟೀಲ್‌ಹೆಡ್ ಎಂಬ ಮೂರೂ ಬಗೆಯ ಮೀನುಗಳಿಗೆ ಒಂದೇ ರಾಡ್ ಸಾಕೇ? ಅಂಗಡಿಯವರು ಸಾಕು ಎನ್ನುತ್ತಾರೆ. ಮೊದಲ ಎರಡರ ಮಟ್ಟಿಗೆ ನಾನೂ ಒಪ್ಪುತ್ತೇನೆ. ಮೂರನೆಯದಕ್ಕೆ ಒಪ್ಪುವುದಿಲ್ಲ, ಮತ್ತು ಒಪ್ಪದಿರುವುದಕ್ಕೆ ಕಾರಣ ನನ್ನ ಅನುಕೂಲವಲ್ಲ, ಮೀನಿನ ಜೀವ.

ಮೊದಲು ಈ ‘ತೂಕ’ವೆಂದರೇನೆಂದು ಹೇಳಿಬಿಡುತ್ತೇನೆ. ಕಾವೇರಿಯ ಭೀಮೇಶ್ವರಿ, ಗಾಳಿಬೋರೆಗಳಲ್ಲಿ ಹಿಂದೆ ಮಹಶೀರ್ ಮೀನಿಗೆ ರಾಗಿ ಹಿಟ್ಟಿನ ಉಂಡೆ ಕಟ್ಟಿ ಗಾಳ ಎಸೆಯುತ್ತಿದ್ದುದನ್ನು ಕಂಡವರಿಗೆ ಗೊತ್ತು, ಅಲ್ಲಿ ದೂರ ಹೋಗುವುದು ಉಂಡೆಯ ಮತ್ತು ಸೀಸದ ಭಾರ. ಗಾಳದ ದಾರ ಅದರ ಹಿಂದೆ ಸುಮ್ಮನೆ ಎಳೆದುಕೊಂಡು ಹೋಗುತ್ತದೆ. ಫ್ಲೈ ಮೀನುಗಾರಿಕೆಯಲ್ಲಿ ಇದು ತಿರುವುಮುರುವು. ಗರಿ, ನೂಲು, ಕೂದಲುಗಳನ್ನು ಕೊಕ್ಕೆಗೆ ಸುತ್ತಿ ಕೀಟದಂತೆ ಕಾಣುವ ಹಾಗೆ ಮಾಡಿದ ಫ್ಲೈಗೆ ಹೇಳಿಕೊಳ್ಳುವಂಥ ಭಾರವೇ ಇರುವುದಿಲ್ಲವಾದ್ದರಿಂದ, ದಪ್ಪನಾದ ಲೈನೇ ರಾಡನ್ನು ಬಗ್ಗಿಸಿ, ಆ ಬಾಗಿನ ಬಲದಿಂದಲೇ ಮುಂದಕ್ಕೆ ಹಾರಿ, ಫ್ಲೈಯನ್ನು ತನ್ನ ಜೊತೆ ಕೊಂಡೊಯ್ಯಬೇಕು. ಹೀಗಾಗಿ ರಾಡುಗಳನ್ನು ಅವು ಹೊರಬಲ್ಲ ಲೈನಿನ ತೂಕದಿಂದ ಗುರುತಿಸುತ್ತಾರೆ. ಲೈನಿನ ಮೊದಲ 30 ಅಡಿ 160 ಗ್ರೇನ್, ಅಂದರೆ ಸುಮಾರು 10.4 ಗ್ರಾಂ, ತೂಗಿದರೆ ಅದು 6ನೇ ತೂಕದ ಲೈನು. 210 ಗ್ರೇನ್ ತೂಗಿದರೆ 8ನೆಯದು. ಕಾಗದದ ಮೇಲೆ ವ್ಯತ್ಯಾಸ ಮೂರು ಗ್ರಾಂ ಮಾತ್ರ. ನದಿಯಲ್ಲಿ ಅದೇ ಎಲ್ಲವನ್ನೂ ನಿರ್ಧರಿಸುತ್ತದೆ.

ಈ ರಾಡ್ ತನ್ನ ನಿಜವಾದ ಗುಣವನ್ನು ತೋರಿಸುವುದು ಮೇ ತಿಂಗಳ ನಡುವಿನಿಂದ ಜೂನ್ ಮೊದಲ ವಾರಗಳವರೆಗೆ, ಕೆಳ ಡೆಶೂಟ್ಸ್ ನದಿಯಲ್ಲಿ. ಪೆಲ್ಟನ್ ಅಣೆಕಟ್ಟಿನ ಕೆಳಗಿನಿಂದ ಕೊಲಂಬಿಯಾ ನದಿಯನ್ನು ಸೇರುವವರೆಗಿನ ಸುಮಾರು 100 ಮೈಲಿಗಳಷ್ಟು ಈ ಭಾಗ ಒಣ ಬೆಟ್ಟಗಳ ನಡುವೆ, ಬಸಾಲ್ಟ್ ಕಲ್ಲಿನ ಕಣಿವೆಯಲ್ಲಿ, ಉತ್ತರಾಭಿಮುಖವಾಗಿ ಹರಿಯುತ್ತದೆ. ಸಾಲ್ಮನ್ ಫ್ಲೈ ಎಂಬ, ಕಿತ್ತಳೆ ಹೊಟ್ಟೆಯ, ಬೆರಳುದ್ದದ ಕೀಟ ಮೂರು ನಾಲ್ಕು ವರ್ಷ ನದಿಯ ಕಲ್ಲುಗಳಡಿಯಲ್ಲಿ ಮರಿಯಾಗಿ ಬದುಕಿ, ಈ ಕೆಲವು ವಾರಗಳಲ್ಲಿ ದಡಕ್ಕೆ ತೆವಳಿ ಬಂದು, ಪೊರೆ ಕಳಚಿ, ರೆಕ್ಕೆ ಬಿಚ್ಚಿ, ದಂಡೆಯ ಆಲ್ಡರ್ ಮರಗಳಲ್ಲಿ ಮತ್ತು ಹುಲ್ಲಿನಲ್ಲಿ ತುಂಬಿಕೊಳ್ಳುತ್ತದೆ. ಅವು ಕೊಂಬೆಯಿಂದ ನೀರಿಗೆ ಬೀಳುವುದನ್ನೇ ಕಾಯುತ್ತ, ಈ ನದಿಯ ಸ್ಥಳೀಯ ರೆಡ್‌ಬ್ಯಾಂಡ್ ಟ್ರೌಟ್‌ಗಳು ದಡಕ್ಕೆ ಅಂಟಿಕೊಂಡಂತೆ ನಿಂತಿರುತ್ತವೆ. ಹಾಗಾಗಿ ಇಲ್ಲಿ ಬೇಕಾದದ್ದು ದೂರದ ಎಸೆತವಲ್ಲ; ದಪ್ಪನಾದ, ಫೋಮ್‌ನಿಂದ ಮಾಡಿದ, ಗಾಳಿಗೆ ಅಡ್ಡ ನಿಲ್ಲುವಂಥ ಫ್ಲೈ ಒಂದನ್ನು ಬಾಗಿದ ಕೊಂಬೆಯ ಕೆಳಗೆ, ಕೈಯಳತೆಯ ಕಿಂಡಿಯೊಳಗೆ ಸೇರಿಸುವ ಎಸೆತ. ಟ್ರೌಟ್‌ಗೆ ಸಾಮಾನ್ಯವಾಗಿ ಶಿಫಾರಸು ಮಾಡುವ 5ನೇ ತೂಕದ ರಾಡಿನಿಂದ ನಾನು ಇದನ್ನು ಮಾಡಿ ನೋಡಿದ್ದೇನೆ. ಬೆಳಿಗ್ಗೆ ಸರಿಹೋಗುತ್ತದೆ, ಆದರೆ ಮಧ್ಯಾಹ್ನದ ನಂತರ ಕಣಿವೆಯಲ್ಲಿ ಗಾಳಿ ಎದ್ದಾಗ ಫ್ಲೈ ಗುರಿ ತಪ್ಪಿ ಕೊಂಬೆಗೆ ಸಿಕ್ಕಿಕೊಳ್ಳುತ್ತದೆ. 6ನೇ ತೂಕದ ಲೈನು ಆ ಗಾಳಿಯನ್ನು ಸೀಳಿಕೊಂಡು ಹೋಗುತ್ತದೆ, ಮತ್ತು 3ಎಕ್ಸ್ ದಪ್ಪದ ಟಿಪ್ಪೆಟ್ (ಫ್ಲೈಯನ್ನು ಕಟ್ಟುವ ತುದಿಯ ತೆಳು ದಾರ) ಕಟ್ಟಿದ್ದರೆ, ಹರಿವಿನ ಕಡೆಗೆ ಓಡಿದ ಮೀನನ್ನು ಬೇಗನೆ ತಿರುಗಿಸುವಷ್ಟು ಕಸು ರಾಡಿನ ಬುಡದಲ್ಲಿದೆ.

ಹಾಗೆಂದು ತುದಿ ಗಡುಸಾಗಿದೆಯೆಂದು ಭಾವಿಸಬಾರದು. ಜುಲೈ ಸಂಜೆಗಳಲ್ಲಿ ಚಿಕ್ಕ ಕ್ಯಾಡಿಸ್ ಕೀಟಗಳು ಏಳುವಾಗ, ಸಣ್ಣ ಫ್ಲೈಯನ್ನು ನೀರಿನ ಮೇಲೆ ಮೆಲ್ಲಗೆ ಇಳಿಸಬೇಕಾದಲ್ಲಿಯೂ ಇದು ನನ್ನನ್ನು ನಿರಾಶೆಗೊಳಿಸಿಲ್ಲ. ಲೈನಿಗೂ ಫ್ಲೈಗೂ ನಡುವಿನ ತೆಳು ದಾರವಾದ ಲೀಡರನ್ನು 12 ಅಡಿಗೆ ಉದ್ದ ಮಾಡಿಕೊಂಡರೆ ಸಾಕು.

ಈ ನದಿಗೆ ಹೊಸದಾಗಿ ಹೋಗುವವರು ರಾಡಿನ ಆಚೆಗೂ ಕೆಲವು ಸಂಗತಿಗಳನ್ನು ತಿಳಿದಿರಬೇಕು. ಇಲ್ಲಿ ದೋಣಿಯಲ್ಲಿ ಕುಳಿತು ಮೀನು ಹಿಡಿಯುವಂತಿಲ್ಲ. ದೋಣಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಲು ಮಾತ್ರ, ಗಾಳ ಹಾಕಲು ಕೆಳಗಿಳಿದು ನೀರಿನಲ್ಲಿ ನಿಲ್ಲಲೇಬೇಕು. ನದಿಯ ತಳದ ಕಲ್ಲುಗಳು ಪಾಚಿಗಟ್ಟಿ ವಿಪರೀತ ಜಾರುತ್ತವೆ. ದುಬಾರಿ ರಾಡಿಗೆ ಕೊಡುವ ಹೆಚ್ಚುವರಿ ಹಣವನ್ನು ಉಳಿಸಿ, ಲೋಹದ ಮೊಳೆಗಳಿರುವ ಒಳ್ಳೆಯ ಬೂಟು ಮತ್ತು ನೀರಿನಲ್ಲಿ ಊರಿಕೊಳ್ಳುವ ಗಟ್ಟಿ ಕೋಲಿಗೆ ಖರ್ಚು ಮಾಡಿ ಎಂದು ನಾನು ಎಲ್ಲರಿಗೂ ಒತ್ತಾಯಿಸುತ್ತೇನೆ. ಪಶ್ಚಿಮ ದಂಡೆಯ ದೊಡ್ಡ ಭಾಗ ವಾರ್ಮ್ ಸ್ಪ್ರಿಂಗ್ಸ್ ಬುಡಕಟ್ಟುಗಳ ನೆಲ. ಅಲ್ಲಿ ನಿಂತು ಮೀನು ಹಿಡಿಯಲು ತೆರೆದಿರುವ ಜಾಗಗಳು ಯಾವುವೆಂದು ಮೊದಲೇ ತಿಳಿದುಕೊಂಡು, ಅವರ ಪರವಾನಗಿಯನ್ನು ಪಡೆದೇ ಹೋಗಬೇಕು.

ಜೂನ್ ಕೊನೆಗೆ ನಾನು ಇದೇ ರಾಡನ್ನು ಜಾನ್ ಡೇ ನದಿಗೆ ಒಯ್ಯುತ್ತೇನೆ. ಸುಮಾರು 284 ಮೈಲಿ ಉದ್ದದ ಈ ನದಿಯ ಮುಖ್ಯ ಹರಿವಿಗೆ ಎಲ್ಲಿಯೂ ಅಣೆಕಟ್ಟಿಲ್ಲ; ಆದ್ದರಿಂದ ಇಲ್ಲಿನ ಪಂಚಾಂಗವನ್ನು ಬರೆಯುವುದು ಬ್ಲೂ ಪರ್ವತಗಳ ಹಿಮ. ವಸಂತದಲ್ಲಿ ಕೆಂಪಾಗಿ ಕದಡಿ ಹರಿಯುವ ನೀರು ಬೇಸಿಗೆ ಬಂದಂತೆ ಇಳಿದು ತಿಳಿಯಾಗುತ್ತದೆ, ಬೆಚ್ಚಗಾಗುತ್ತದೆ, ಆಗ ಸ್ಮಾಲ್‌ಮೌತ್ ಬಾಸ್ ಚುರುಕಾಗುತ್ತದೆ. ಈ ಮೀನು ಇಲ್ಲಿನದಲ್ಲ. 1971ರಲ್ಲಿ ತಂದು ಬಿಟ್ಟದ್ದು. ಸಾಲ್ಮನ್ ಮತ್ತು ಸ್ಟೀಲ್‌ಹೆಡ್ ಮರಿಗಳನ್ನು ತಿನ್ನುತ್ತದೆಯಾದ್ದರಿಂದ, ಇಂದು ಜಾನ್ ಡೇಯಲ್ಲಿ ಬಾಸ್ ಹಿಡಿದು ಇಟ್ಟುಕೊಳ್ಳುವುದಕ್ಕೆ ಸಂಖ್ಯೆಯ ಮಿತಿಯಿಲ್ಲ. ಮನೆಗೆ ತಂದು ಹುಳಿ ಸಾರು ಮಾಡಿದರೆ ಮುಳ್ಳು ಕಡಿಮೆಯ, ಬಿಳಿ ಮಾಂಸದ ಒಳ್ಳೆಯ ಮೀನು.

ಬಾಸ್ ವಿಷಯದಲ್ಲಿ ರಾಡಿಗಿಂತ ಲೈನು ಮುಖ್ಯ, ಮತ್ತು ಇದು ನಾನು ಈ ರಾಡಿನಿಂದ ಕಲಿತ ಅತ್ಯಂತ ಉಪಯುಕ್ತ ಪಾಠ. ಟ್ರೌಟ್‌ಗೆಂದು ಮಾಡಿದ, ಮುಂಭಾಗ ಉದ್ದಕ್ಕೆ ಸಪೂರವಾಗುವ ಲೈನಿನಲ್ಲಿ ಪಾಪರ್ ಎಸೆದರೆ, ನೀರಿನ ಮೇಲೆ ಗುಳುಗುಳು ಸದ್ದು ಮಾಡಬೇಕಾದ ಆ ಚಪ್ಪಟೆ ಮುಖದ ದಪ್ಪ ಫ್ಲೈ ಅರ್ಧದಲ್ಲೇ ಸೋತು ಬೀಳುತ್ತದೆ. ರಾಡೇ ದುರ್ಬಲವೆಂದು ಅನಿಸುತ್ತದೆ. ಭಾರವನ್ನು ಮುಂಭಾಗದಲ್ಲೇ ಒಟ್ಟುಗೂಡಿಸಿರುವ ಬಾಸ್ ಲೈನನ್ನು ಹಾಕಿದೊಡನೆ ಅದೇ ರಾಡ್ ಬೇರೆಯದೇ ಉಪಕರಣವಾಗುತ್ತದೆ. ಒಳ್ಳೆಯ ಲೈನ್ ಒಂದಕ್ಕೆ 60ರಿಂದ 130 ಡಾಲರ್ ಆಗುತ್ತದೆ. ಎರಡನೆಯ ರೀಲ್ ಸ್ಪೂಲ್ ಬೇರೆ ಬೇಕು. ಆದರೂ ಎರಡು ಲೈನ್‌ಗಳಿರುವ 400 ಡಾಲರಿನ ರಾಡ್, ಒಂದೇ ಲೈನಿರುವ 1,000 ಡಾಲರಿನ ರಾಡಿಗಿಂತ ಹೆಚ್ಚು ಕೆಲಸಕ್ಕೆ ಬರುತ್ತದೆ ಎಂಬುದರಲ್ಲಿ ನನಗೆ ಸಂದೇಹವಿಲ್ಲ.

ಇನ್ನು ಸ್ಟೀಲ್‌ಹೆಡ್. ಮಳೆಬಿಲ್ಲು ಟ್ರೌಟ್‌ನ ಜಾತಿಗೇ ಸೇರಿದ ಈ ಮೀನು ನದಿಯಲ್ಲಿ ಹುಟ್ಟಿ, ಸಮುದ್ರಕ್ಕೆ ಹೋಗಿ, ಒಂದೆರಡು ವರ್ಷ ಅಲ್ಲಿ ಬೆಳೆದು, ಮೊಟ್ಟೆಯಿಡಲು ಮರಳಿ ಬರುತ್ತದೆ. ಜುಲೈಯಿಂದ ಅಕ್ಟೋಬರ್‌ವರೆಗೆ ಡೆಶೂಟ್ಸ್‌ಗೆ ಬರುವ ಸ್ಟೀಲ್‌ಹೆಡ್, ಕೊಲಂಬಿಯಾದ ಬಾನವಿಲ್ ಮತ್ತು ಡ್ಯಾಲ್ಸ್ ಅಣೆಕಟ್ಟುಗಳನ್ನು ದಾಟಿ, ಸಮುದ್ರದಿಂದ ಸುಮಾರು 330 ಕಿಲೋಮೀಟರ್ ಈಜಿದ ಮೇಲೆ ಡೆಶೂಟ್ಸ್‌ನ ಬಾಯಿಗೆ ಮುಟ್ಟಿರುತ್ತದೆ. ಇನ್ನೂ ಮೇಲಿನ ಉಪನದಿಗಳಿಗೆ ಹೋಗಬೇಕಾದ ಮೀನುಗಳೂ ಬೇಸಿಗೆಯಲ್ಲಿ ಕೊಲಂಬಿಯಾದ ನೀರು ಬಿಸಿಯಾದಾಗ ತಂಪು ಹುಡುಕಿಕೊಂಡು ಇಲ್ಲಿಗೆ ತಿರುಗುತ್ತವೆ. ಬೆನ್ನಿನ ಹಿಂಭಾಗದ ಚಿಕ್ಕ ಈಜುರೆಕ್ಕೆಯನ್ನು ಕತ್ತರಿಸಿ ಗುರುತು ಮಾಡಿದ ಸಾಕಣೆಯ ಮೀನುಗಳನ್ನು ಇಟ್ಟುಕೊಳ್ಳಬಹುದು. ಆ ರೆಕ್ಕೆ ಇರುವ ಕಾಡು ಮೀನುಗಳನ್ನು ಬಿಟ್ಟುಬಿಡಲೇಬೇಕು. ಸಾಲ್ಮನ್‌ಗಳಂತೆ ಇವು ಮೊಟ್ಟೆಯಿಟ್ಟ ಮೇಲೆ ಸಾಯಲೇಬೇಕೆಂದಿಲ್ಲ, ಹಾಗಾಗಿ ಬಿಟ್ಟ ಮೀನು ಬದುಕುವುದಕ್ಕೆ ದೊಡ್ಡ ಅರ್ಥವಿದೆ. 2021ರಲ್ಲಿ ಮರಳಿ ಬಂದ ಮೀನುಗಳ ಸಂಖ್ಯೆ ತೀರ ಕುಸಿದು, ಶರತ್ಕಾಲದ ಸ್ಟೀಲ್‌ಹೆಡ್ ಮೀನುಗಾರಿಕೆಯನ್ನೇ ಇಲ್ಲಿ ಮುಚ್ಚಬೇಕಾಯಿತು ಎಂಬುದನ್ನು ನೆನಪಿಡಬೇಕು.

ಈ ಹಿನ್ನೆಲೆಯಲ್ಲಿ ನನ್ನ ಆಕ್ಷೇಪ ಸ್ಪಷ್ಟವಾಗುತ್ತದೆ. 6ನೇ ತೂಕದ ರಾಡಿನಿಂದ ಸ್ಟೀಲ್‌ಹೆಡ್ ಹಿಡಿಯಲು ಆಗುವುದಿಲ್ಲವೆಂದಲ್ಲ. ಆಗುತ್ತದೆ, ನಾನು ಹಿಡಿದಿದ್ದೇನೆ, ರಾಡ್ ಮುರಿಯಲೂ ಇಲ್ಲ. ಆದರೆ ಐದಾರು ಪೌಂಡಿನ ಮೀನು ಡೆಶೂಟ್ಸ್‌ನ ಬಿರುಸಾದ ನಡುಹರಿವಿಗೆ ಅಡ್ಡ ತಿರುಗಿ ನಿಂತಾಗ, ಈ ರಾಡು ಅದನ್ನು ದಡದ ಕಡೆ ಎಳೆಯುವುದಿಲ್ಲ, ಕೇವಲ ಹಿಡಿದು ನಿಲ್ಲಿಸುತ್ತದೆ. ಹಗ್ಗಜಗ್ಗಾಟ ಉದ್ದವಾದಷ್ಟೂ ಮೀನಿನ ಸ್ನಾಯುಗಳಲ್ಲಿ ಆಮ್ಲ ಕೂಡಿಕೊಳ್ಳುತ್ತದೆ, ಮತ್ತು ಆಗಸ್ಟ್‌ನ ಬೆಚ್ಚನೆಯ ನೀರಿನಲ್ಲಿ ಆಮ್ಲಜನಕ ಮೊದಲೇ ಕಡಿಮೆಯಿರುವುದರಿಂದ ಅದು ಚೇತರಿಸಿಕೊಳ್ಳುವುದು ಕಷ್ಟವಾಗುತ್ತದೆ. ಕೈಯಿಂದ ಜಾರಿ ಈಜಿಹೋದ ಮೀನೆಲ್ಲವೂ ಉಳಿಯುತ್ತದೆಯೆಂದು ನಂಬಿಕೊಳ್ಳುವುದು ನಮ್ಮ ಸಮಾಧಾನಕ್ಕೆ ಮಾತ್ರ. ನೀರಿನ ಉಷ್ಣತೆ 68 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 20 ಡಿಗ್ರಿ ಸೆಲ್ಸಿಯಸ್, ಮುಟ್ಟಿದರೆ ನಾನು ಯಾವ ರಾಡಿನಿಂದಲೂ ಗಾಳ ಹಾಕುವುದಿಲ್ಲ. ಅದಕ್ಕಿಂತ ತಂಪಾಗಿದ್ದಾಗಲೂ, ಮೀನನ್ನು ಕೆಲವೇ ನಿಮಿಷಗಳಲ್ಲಿ ಹತ್ತಿರಕ್ಕೆ ತಂದು, ನೀರಿನಿಂದ ಮೇಲೆತ್ತದೆ ಕೊಕ್ಕೆ ಬಿಡಿಸಬಲ್ಲ ಉಪಕರಣವೇ ಬೇಕು.

ಎಸೆತದ ದೃಷ್ಟಿಯಿಂದಲೂ ಇದು ಕೈಕೊಡುತ್ತದೆ. ಸ್ಟೀಲ್‌ಹೆಡ್ ಹುಡುಕುವ ಕ್ರಮವೆಂದರೆ, ಹರಿವಿಗೆ ಓರೆಯಾಗಿ ಎಸೆದು, ಬಿಗಿದ ಲೈನಿನ ತುದಿಯಲ್ಲಿ ಫ್ಲೈ ಕಮಾನಿನಂತೆ ದಡದತ್ತ ಬೀಸಿ ಬರುವವರೆಗೆ ಕಾದು, ಒಂದೆರಡು ಹೆಜ್ಜೆ ಕೆಳಗಿಳಿದು ಮತ್ತೆ ಎಸೆಯುವುದು. ಬೆಳಗಿನ ಮತ್ತು ಸಂಜೆಯ ನೆರಳಿನ ಹೊತ್ತಿನಲ್ಲಿ ಗಂಟೆಗಟ್ಟಲೆ ಇದನ್ನೇ ಮಾಡಬೇಕು; ಬೆನ್ನ ಹಿಂದೆ ಮರ ಅಥವಾ ಬಂಡೆ ಇರುವುದರಿಂದ ಲೈನನ್ನು ಹಿಂದಕ್ಕೆ ಹಾರಿಸಲು ಜಾಗವೂ ಇರುವುದಿಲ್ಲ. ಸ್ಕಾಟ್‌ಲ್ಯಾಂಡಿನ ಸ್ಪೇ ನದಿಯ ಹೆಸರಿನ, ಎರಡು ಕೈಗಳಿಂದ ಎಸೆಯುವ ವಿಧಾನ ಇದಕ್ಕೆಂದೇ ಹೇಳಿ ಮಾಡಿಸಿದ್ದು. ಹನ್ನೆರಡೂವರೆಯಿಂದ ಹದಿಮೂರು ಅಡಿಯ, 7ನೇ ತೂಕದ ಎರಡು ಕೈ ರಾಡ್ ಕೊಂಡ ಮೇಲೆ ಭುಜದ ನೋವು ಹೋಯಿತು, ಮೀನು ದಡ ಮುಟ್ಟುವ ಸಮಯವೂ ಕಣ್ಣಿಗೆ ಕಾಣುವಷ್ಟು ಕಡಿಮೆಯಾಯಿತು.

ಬಾಳಿಕೆಯ ಬಗ್ಗೆ: ಹಿಡಿಯ ಕಾರ್ಕಿನ ತೂತುಗಳಿಗೆ ತುಂಬಿದ್ದ ಮೆತ್ತು ಎರಡನೆಯ ವರ್ಷದಿಂದ ಉದುರುತ್ತ ಬಂದಿದೆ, ಉಪಯೋಗಕ್ಕೆ ಅಡ್ಡಿಯಿಲ್ಲ. ತುಂಡುಗಳು ಸೇರುವ ಕೀಲುಗಳು ಸಡಿಲವಾದಾಗ ಮೇಣದ ತುಂಡನ್ನು ಉಜ್ಜಿದರೆ ಮತ್ತೆ ಬಿಗಿಯಾಗುತ್ತವೆ. ಲೋಹದ ಮಣಿಯಿರುವ ಭಾರದ ಫ್ಲೈ ಗಾಳಿಗೆ ತಿರುಗಿ ಬಡಿದು ತುದಿಯ ತುಂಡು ಒಮ್ಮೆ ಮುರಿಯಿತು. ಜೀವಮಾನದ ಖಾತರಿಯೆಂದು ಬರೆದಿದ್ದರೂ ದುರಸ್ತಿಗೆ ಶುಲ್ಕ ಕೊಡಬೇಕಾಯಿತು, ಮತ್ತು ರಾಡ್ ಮರಳಿ ಬರುವಷ್ಟರಲ್ಲಿ ಆ ವರ್ಷದ ಸಾಲ್ಮನ್ ಫ್ಲೈ ಋತು ಮುಗಿದುಹೋಗಿತ್ತು. ಕೊಳ್ಳುವ ಮೊದಲೇ ದುರಸ್ತಿಗೆ ಹಿಡಿಯುವ ಕಾಲವನ್ನು ಕೇಳಿ ತಿಳಿದುಕೊಳ್ಳಿ. ಹೆಚ್ಚುವರಿ ತುದಿಯನ್ನು ಜೊತೆಗೇ ಕೊಡುವವರಿದ್ದರೆ ಅವರಲ್ಲೇ ಕೊಳ್ಳಿ.

ಮೇಯಿಂದ ಆಗಸ್ಟ್‌ವರೆಗೆ ಟ್ರೌಟ್ ಮತ್ತು ಬಾಸ್ ಮಾತ್ರ ಸಾಕೆನ್ನುವವರು ಈ ರಾಡನ್ನು ನಿಶ್ಚಿಂತೆಯಿಂದ ತೆಗೆದುಕೊಳ್ಳಬಹುದು. ಐದರಲ್ಲಿ ನಾಲ್ಕೂವರೆ ಅಂಕ ಕೊಡುತ್ತೇನೆ. ಸ್ಟೀಲ್‌ಹೆಡ್ ಮನಸ್ಸಿನಲ್ಲಿರುವವರು ಇದನ್ನೇ 8ನೇ ತೂಕಕ್ಕೆ ಬದಲಿಸಿಕೊಳ್ಳುವ ಬದಲು, ಇದನ್ನು ಉಳಿಸಿಕೊಂಡು ಎರಡು ಕೈ ರಾಡಿಗೆ ಹಣ ಕೂಡಿಡುವುದು ಮೇಲು. ಸೆಪ್ಟೆಂಬರ್‌ನಲ್ಲಿ ನಾನು ಎರಡನ್ನೂ ಒಯ್ಯುತ್ತೇನೆ: ಬಿಸಿಲು ನೀರಿಗೆ ಬೀಳುವವರೆಗೆ ಉದ್ದನೆಯದು, ಆಮೇಲೆ ಸಂಜೆಯ ನೆರಳು ಬರುವವರೆಗೆ ರೆಡ್‌ಬ್ಯಾಂಡ್ ಟ್ರೌಟ್‌ಗೆ ಇದು.