ರೆಂಪಿ ಸಾಕಾ, ಎಲ್‌ಐಎಫ್ ಬೇಕಾ?

ರೆಂಪಿ (REMPI), ಎಲ್‌ಐಎಫ್ (LIF) ಎರಡೂ ಲೇಸರ್ ಬಿಟ್ಟು ಅನಿಲದ ಅಣುಗಳನ್ನು ಪತ್ತೆಹಚ್ಚುವ ವಿಧಾನಗಳು. ನೈಟ್ರಿಕ್ ಆಕ್ಸೈಡ್ ಆದರೆ ಎರಡೂ ನಡೆಯುತ್ತದೆ. 226 ನ್ಯಾನೋಮೀಟರ್ ಲೇಸರ್ ಬಿಟ್ಟರೆ ಅಣು ಹೆಚ್ಚು ಶಕ್ತಿಯ ‘ಎ’ ಸ್ಥಿತಿಗೆ ಏರುತ್ತದೆ. ಅದು ಬೆಳಕು ಸೂಸಿ ಇಳಿಯುವುದನ್ನು ಹಿಡಿದರೆ ಎಲ್‌ಐಎಫ್. ಇಳಿಯುವ ಮೊದಲೇ ಇನ್ನೊಂದು ಫೋಟಾನ್ (ಬೆಳಕಿನ ಕಣ) ಹೊಡೆದು ಎಲೆಕ್ಟ್ರಾನ್ ಕಿತ್ತು, ಉಳಿದ ಅಯಾನನ್ನು ಎಣಿಸಿದರೆ ರೆಂಪಿ. ಒಂದು ಫೋಟಾನಿನ ಶಕ್ತಿ ಸುಮಾರು 5.5 ಇವಿ (ಎಲೆಕ್ಟ್ರಾನ್ ವೋಲ್ಟ್), ಎಲೆಕ್ಟ್ರಾನ್ ಕೀಳಲು ಬೇಕಾದ್ದು 9.26, ಎರಡು ಧಾರಾಳ.

ಅಮೋನಿಯಾಗೆ ಮಾತ್ರ ಸುಮ್ನೆ ರೆಂಪಿಗೇ ಹೋಗಿ. ಬೆಳಕು ಸೂಸುವಷ್ಟು ಹೊತ್ತೂ ಇರದೆ ಅಣು ಒಡೆದುಹೋಗುತ್ತದೆ, ಇನ್ನು ಎಲ್‌ಐಎಫ್‌ಗೆ ಸಿಗುವುದೇನು? ರೆಂಪಿ ಜೊತೆ ಟೈಮ್ ಆಫ್ ಫ್ಲೈಟ್ ಕೊಳವೆ (ಅಯಾನು ಹಾರಿಬರಲು ಹಿಡಿದ ಸಮಯ ಅಳೆಯುವುದು) ಇದ್ದರೆ ಬಂದ ಅಯಾನಿನ ತೂಕವೂ ಗೊತ್ತಾಗುತ್ತದೆ, ನನಗೆ ಇದೇ ದೊಡ್ಡ ಲಾಭ. ಆದರೆ ರೆಂಪಿಗೆ ವ್ಯಾಕ್ಯೂಮ್ ಪಂಪಿನ ಕಾಟ ಇದ್ದದ್ದೇ, ಲೇಸರನ್ನು ಜಾಸ್ತಿ ಬಿಗಿಯಾಗಿ ಫೋಕಸ್ ಮಾಡಿದರೆ ರೋಹಿತದ (ಸ್ಪೆಕ್ಟ್ರಮ್) ಗೆರೆಗಳೂ ಅಗಲವಾಗುತ್ತವೆ. ಉರಿಯುವ ಜ್ವಾಲೆಯೊಳಗೆ ಅಳೆಯಬೇಕಾ? ಎಲ್‌ಐಎಫ್ ಸಲೀಸು.