‘ಝೀರೋ ಸ್ಕೇಪ್’ ಎಂದು ಬರೆದುಕೊಡುವವರ ಕೈಗೆ ಅಂಗಳ ಕೊಡಬೇಡಿ

ಮನೆ ಮುಂದಿನ ಹುಲ್ಲುಹಾಸು ಕಿತ್ತುಹಾಕಿ, ಬರ ತಡೆಯುವ, ಈ ನೆಲದ್ದೇ ಆದ ನಾಟಿ ಗಿಡಗಳನ್ನು ಹಾಕಿಸಬೇಕು ಅಂತ ಹೊರಟಿದ್ದೀರಾ? ಮುಂಗಡ ಕೊಡುವ ಮುಂಚೆ ಇದನ್ನೊಂದು ಸಲ ಓದಿ. ನಾನು ಹಾಕಿಸಿದ್ದು 42 ಗಿಡ. ವರ್ಷ ತುಂಬುವ ಹೊತ್ತಿಗೆ ಉಳಿದದ್ದು 11. ಆ ಹನ್ನೊಂದರಲ್ಲೂ 6 ಬದುಕಲೇಬಾರದಿದ್ದವು. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ಕೆಲಸ ಒಪ್ಪಿಕೊಂಡವನು ಬಂದು ಹತ್ತು ನಿಮಿಷ ಅಂಗಳ ಸುತ್ತಿದ, ನಾಲ್ಕು ಫೋಟೊ ತೆಗೆದ, ಸಂಜೆಗೆಲ್ಲ ಕೊಟೇಶನ್ ಕಳಿಸಿದ. ತಲೆಬರಹ: ‘ಝೀರೋ ಸ್ಕೇಪ್ ಗಾರ್ಡನ್’. “ನೀರೂ ಝೀರೋ, ಕೆಲಸವೂ ಝೀರೋ ಸಾರ್. ನೆಟ್ಟು ಮರೆತುಬಿಡಿ” ಅಂದ. ನನಗೆ ಬೇಕಾಗಿದ್ದ ಮಾತೂ ಅದೇ, ಮರುಳಾದೆ. ಆ ಪದ ಝೀರೋ ಸ್ಕೇಪ್ ಅಲ್ಲ, ಝೆರಿಸ್ಕೇಪ್ ಅಂತ ಗೊತ್ತಾಗುವಷ್ಟರಲ್ಲಿ ಅರ್ಧ ಗಿಡ ಒಣಗಿತ್ತು. ಕಡಿಮೆ ನೀರಿನಲ್ಲಿ ತೋಟ ಮಾಡುವ ವಿಧಾನಕ್ಕೆ ಅಮೆರಿಕದ ಡೆನ್ವರ್ ನಗರದ ನೀರು ಸರಬರಾಜು ಸಂಸ್ಥೆ 1981ರಲ್ಲಿ ಹುಟ್ಟಿಸಿದ ಪದ ಅದು. ಗ್ರೀಕ್‌ನಲ್ಲಿ ‘ಝೆರೋಸ್’ ಅಂದರೆ ಒಣ ಅಂತ. ಅದಕ್ಕೆ ಏಳು ಸೂತ್ರಗಳಿವೆ; ಹದವರಿತು ನೀರುಣಿಸುವುದೂ, ಆರೈಕೆಯೂ ಅದರಲ್ಲೇ ಇವೆ. ಹೆಸರನ್ನೇ ತಪ್ಪು ಬರೆದವನಿಗೆ ಅರ್ಧ ದುಡ್ಡು ಮೊದಲೇ ಎಣಿಸಿಕೊಟ್ಟದ್ದು ನನ್ನ ಜಾಣತನ.

ಬಂದವನು ಮಣ್ಣು ಮುಟ್ಟಿ ನೋಡಲಿಲ್ಲ. ಅಲ್ಲೇ ನಾನು ಎಚ್ಚೆತ್ತುಕೊಳ್ಳಬೇಕಿತ್ತು. ನಮ್ಮದು ಜೇಡಿ ಮಣ್ಣು, ಸಾಲದ್ದಕ್ಕೆ ಮನೆ ಕಟ್ಟುವಾಗ ಲಾರಿ ಓಡಾಡಿ ಕಲ್ಲಾದ ನೆಲ. ಅದರಲ್ಲಿ ಮೊಣಕಾಲುದ್ದ ಗುಂಡಿ ತೋಡಿ, ತೆಗೆದ ಮಣ್ಣನ್ನು ಆಚೆ ಸಾಗಿಸಿ, ಗುಂಡಿಗೆ ಕೋಕೋಪೀಟು (ತೆಂಗಿನ ನಾರಿನ ಪುಡಿ), ಗೊಬ್ಬರ ತುಂಬಿ ಗಿಡ ಇಟ್ಟರು. ನೋಡಲು ಎಷ್ಟು ಮುತುವರ್ಜಿ! ಆದರೆ ಗಟ್ಟಿ ಜೇಡಿಯ ನಡುವೆ ಸಡಿಲ ಮಿಶ್ರಣ ತುಂಬಿದ ಗುಂಡಿ ತೂತಿಲ್ಲದ ಬಕೆಟ್ ಇದ್ದ ಹಾಗೆ. ಹಾಕಿದ ನೀರು ಇಳಿಯಲು ದಾರಿಯಿಲ್ಲದೆ ಅಲ್ಲೇ ನಿಲ್ಲುತ್ತದೆ. ಇನ್ನು ಗೊಬ್ಬರ. ಬಡ ಮಣ್ಣಿಗೆ ಒಗ್ಗಿದ ಗಿಡಕ್ಕೆ ಸಾರಜನಕ ಸುರಿದರೆ ಮೆತ್ತಗಿನ ಚಿಗುರು ಉಕ್ಕುತ್ತದೆ, ಆ ಚಿಗುರಿಗೆ ನೀರು ಇನ್ನೂ ಹೆಚ್ಚು ಬೇಕು. ಬರ ತಡೆಯಲಿ ಅಂತ ತಂದ ಗಿಡಕ್ಕೆ ನಾವೇ ಬಾಯಾರಿಕೆ ಕಲಿಸಿದೆವು.

ಮೊದಲು ಹೋದದ್ದು ತಂಗಡಿ. ಬಯಲಲ್ಲಿ ಯಾರೂ ಕೇಳದೆ ಹಳದಿ ಹೂ ಬಿಡುವ ತಂಗಡಿ! ಎಲೆ ಹಳದಿಯಾಗಿ ಜೋತುಬಿತ್ತು. ನೀರು ಸಾಲದು ಅಂದುಕೊಂಡು ದಿನಾ ಒಂದು ಬಕೆಟ್ ಸುರಿದೆ. ಬೇರು ಕೊಳೆತ ಗಿಡವೂ ನೀರಿಲ್ಲದ ಗಿಡದ ಹಾಗೇ ಬಾಡುತ್ತದೆ. ಬೇರೇ ಇಲ್ಲದ ಮೇಲೆ ಹೀರುವುದಾದರೂ ಹೇಗೆ? ಮಣ್ಣಿಗೆ ಬೆರಳು ಚುಚ್ಚಿ ನೋಡಿದ್ದರೆ ತಿಳಿಯುತ್ತಿತ್ತು. ನಾನು ನೋಡಲಿಲ್ಲ. ಎರಡು ವಾರದಲ್ಲಿ ಲಕ್ಕಿ ಗಿಡವೂ ಹೊರಟಿತು. ಅಮ್ಮ ಅದರ ಬುಡ ಹಿಡಿದು ಎಳೆದಳು, ಸಲೀಸಾಗಿ ಕೈಗೆ ಬಂತು. ಬೇರು ಕುಂಡದ ಆಕಾರದಲ್ಲೇ ಸುರುಳಿ ಸುತ್ತಿಕೊಂಡಿತ್ತು. “ನೋಡೋ, ಇದಿನ್ನೂ ಕುಂಡ ಬಿಟ್ಟು ಬಂದೇ ಇಲ್ಲ” ಅಂದಳು. ನಾನು ತಿಂಗಳುಗಟ್ಟಲೆ ಓದಿ ಕಲಿತದ್ದೆಲ್ಲ ಆ ಒಂದು ಮಾತಿನಲ್ಲಿತ್ತು. ಗಿಡ ಬರ ತಡೆಯುವುದು ಆಳಕ್ಕೆ, ಅಗಲಕ್ಕೆ ಬೇರು ಬಿಟ್ಟ ಮೇಲೆ. ಅದಕ್ಕೆ ಕಡಿಮೆಯೆಂದರೂ ಒಂದು ವರ್ಷ, ಕೆಲವಕ್ಕೆ ಎರಡು ಮೂರು ವರ್ಷ ಬೇಕು. ಅಲ್ಲಿಯವರೆಗೆ ಅದೂ ಎಲ್ಲ ಗಿಡದ ಹಾಗೆ ನೀರು ಕೇಳುವ ಕೂಸೇ. ತಕ್ಷಣ ತುಂಬಿದ ಹಾಗೆ ಕಾಣಲಿ ಅಂತ ದೊಡ್ಡ ಗಿಡಗಳನ್ನು ನಾನೇ ಕೇಳಿ ತರಿಸಿದ್ದೆ. ಅದೂ ತಪ್ಪು, ಸಣ್ಣ ಚೀಲದ ಎಳೆ ಸಸಿ ಬೇಗ ನೆಲಕ್ಕೆ ಹೊಂದಿಕೊಳ್ಳುತ್ತದೆ.

ನೀರಿನ ವ್ಯವಸ್ಥೆಯ ಕಥೆ ಇನ್ನೊಂದು. ಹಳೇ ಲಾನಿನ ಸ್ಪ್ರಿಂಕ್ಲರನ್ನೇ ಉಳಿಸಿ, ದಿನಕ್ಕೆ ಐದು ನಿಮಿಷ ಅಂತ ಟೈಮರ್ ಇಟ್ಟು ಹೋದರು. ಮೇಲಿನ ಎರಡು ಬೆರಳು ಮಣ್ಣು ಮಾತ್ರ ಒದ್ದೆ. ಬೇರು ನೀರಿರುವಲ್ಲಿಗೇ ಹೋಗುವುದು, ಅದಕ್ಕೆ ಮೇಲೇ ಉಳಿಯಿತು. ಗುಂಡಿಯ ಪಕ್ಕದ ಗಟ್ಟಿ ಮಣ್ಣಿನೊಳಕ್ಕಂತೂ ಹನಿಯೂ ಇಳಿಯಲಿಲ್ಲ. ನೆಟ್ಟದ್ದೋ, ಬೇಸಿಗೆ ಕಾಲಿಡುವಾಗ. ಮಳೆಯ ಮೊದಲಲ್ಲಿ ನೆಟ್ಟಿದ್ದರೆ ಅರ್ಧ ಕೆಲಸ ಆಕಾಶವೇ ಮಾಡಿಕೊಡುತ್ತಿತ್ತು.

ಕಳೆ ತಡೆಯಲು ಹಾಸುವ ಕಪ್ಪು ವೀಡ್ ಮ್ಯಾಟ್, ಅದರ ಮೇಲೆ ಬಿಳಿ ಪೆಬಲ್ಸ್: ಫೋಟೊಗೆ ಚೆಂದ, ಅಷ್ಟೇ. ಮಧ್ಯಾಹ್ನ ಕಾಲಿಡಲಾಗದಷ್ಟು ಕಾದು, ಆ ಕಾವು ಗಿಡದ ಬುಡಕ್ಕೇ ಹೊಡೆಯುತ್ತಿತ್ತು. ಕಲ್ಲಿನ ಸಂದಿಯಲ್ಲಿ ಧೂಳು ಕೂತು, ಆ ಧೂಳಿನಲ್ಲೇ ಕಳೆ ಹುಟ್ಟಿತು. ಕೀಳಲು ಹೋದರೆ ಬೇರು ಮ್ಯಾಟಿಗೆ ನೇಯ್ದುಕೊಂಡಿರುತ್ತಿತ್ತು. ಉದುರಿದ ಎಲೆ ಮಣ್ಣು ಸೇರುವ ಹಾಗಿಲ್ಲ. ನಾಟಿ ಹೂಗಿಡ ಹಾಕುವುದೇ ಜೇನುಹುಳ ಬರಲಿ ಅಂತ, ಆದರೆ ಜೇನಿನ ಸಂಬಂಧಿಗಳಲ್ಲಿ ಬಹುಪಾಲು ಜಾತಿಗಳು ಗೂಡು ಮಾಡುವುದು ಬರಿನೆಲದಲ್ಲಿ. ಆ ನೆಲಕ್ಕೇ ನಾವು ಚಾಪೆ ಹೊದಿಸಿದ್ದೆವು.

ಇನ್ನು ಆ ಆರು ಗಿಡ. ನಾಲ್ಕು ವೆಡೇಲಿಯಾ (ನೆಲಕ್ಕೆ ಹಬ್ಬುವ ಹಳದಿ ಹೂವಿನ ಗಿಡ), ಎರಡು ಲಂಟಾನ. ಆರಕ್ಕೂ ‘ನೇಟಿವ್, ಬರ ನಿರೋಧಕ’ ಅಂತ ಚೀಟಿ. ಎರಡರ ಮೂಲವೂ ಅಮೆರಿಕ ಖಂಡದ ಉಷ್ಣವಲಯ, ಎರಡೂ ಅಂದದ ಗಿಡಗಳಾಗಿ ದೇಶ ಸುತ್ತಿದವು. ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಒಕ್ಕೂಟ ಐಯುಸಿಎನ್‌ನ ತಜ್ಞರ ಗುಂಪು ಪಟ್ಟಿ ಮಾಡಿದ ಜಗತ್ತಿನ 100 ಅತಿ ಕೆಟ್ಟ ಆಕ್ರಮಣಕಾರಿ ಜೀವಿಗಳಲ್ಲಿ ಎರಡೂ ಇವೆ. ಬರ ತಡೆಯುವುದು ಬೇರೆ, ಈ ನೆಲದ್ದಾಗಿರುವುದು ಬೇರೆ. ಚೀಟಿ ಅಂಟಿಸುವವನಿಗೆ ಎರಡೂ ಒಂದೇ. ಫೋನ್ ಮಾಡಿ ಕೇಳಿದೆ. “ಬದುಕಿದೆಯಲ್ಲ ಸಾರ್, ಮತ್ತೇನು ಬೇಕು?” ಅಂದ. ಸತ್ತ ಗಿಡಗಳ ವಿಷಯ ಎತ್ತಿದೆ. “ನೀರು ಜಾಸ್ತಿ ಹಾಕಿದ್ದೀರಿ” ಅಂದ. ಅದರಲ್ಲಿ ಅರ್ಧ ನಿಜ ಇದ್ದದ್ದರಿಂದ ನನ್ನ ಬಾಯಿ ಕಟ್ಟಿತು.

ಹಾಗಾಗಿ ಕೊಟೇಶನ್‌ನಲ್ಲಿ ಪ್ರತಿ ಗಿಡದ ಸಸ್ಯಶಾಸ್ತ್ರೀಯ ಹೆಸರು ಬರೆಸಿಕೊಳ್ಳಿ, ಮೂಲ ಎಲ್ಲಿಯದು ಅಂತ ನೀವೇ ಹುಡುಕಿ. ಬರೆಯಲು ಮೀನಮೇಷ ಎಣಿಸಿದರೆ ಅಲ್ಲೇ ಕೈಬಿಡಿ. ಅಂಗಳದ ಎರಡು ಮೂರು ಕಡೆ ಒಂದಡಿ ಗುಂಡಿ ತೋಡಿ, ನೀರು ತುಂಬಿ, ಅದು ಇಂಗಿದ ಮೇಲೆ ಮತ್ತೆ ತುಂಬಿ ನೋಡಿ. ಗಂಟೆಗೆ 2–3 ಸೆಂಟಿಮೀಟರ್ ಕೂಡ ಇಳಿಯದಿದ್ದರೆ ಗುಂಡಿ ಬೇಡ, ಮಣ್ಣು ಏರಿಸಿ ದಿಬ್ಬದ ಮೇಲೆ ನೆಡಿ. ಕುಂಡದಿಂದ ತೆಗೆದ ಗಿಡದ ಬೇರು ನಿಮ್ಮ ಕಣ್ಣೆದುರೇ ಬಿಡಿಸಲಿ. ಮೊದಲ ವರ್ಷದ ನೀರಿನ ಹೊಣೆ ಯಾರದು ಅನ್ನುವುದೂ ಕಾಗದದ ಮೇಲೆ ಬರಲಿ.

ಈಗ ಮ್ಯಾಟ್ ಪೂರ್ತಿ ಹರಿದು ತೆಗೆದಿದ್ದೇನೆ. ಒಣ ಎಲೆ, ತೊಗಟೆ ನಾಲ್ಕು ಬೆರಳು ದಪ್ಪ ಹಾಸಿ, ಬುಡದ ಸುತ್ತ ಒಂದು ಗೇಣು ಬಿಟ್ಟಿದ್ದೇನೆ. ಅಂಗಳದ ಅದೇ ಮಣ್ಣಲ್ಲೇ ದಿಬ್ಬ ಮಾಡಿ, ಗೇಣುದ್ದದ ತಂಗಡಿ ಸಸಿ ಮೂರು ನೆಟ್ಟೆ, ವಾರಕ್ಕೊಂದು ಸಲ ಆಳಕ್ಕಿಳಿಯುವ ಹಾಗೆ ನೀರು. ಎರಡು ಚಿಗುರಿವೆ, ಮೂರನೆಯದರ ಮೇಲೆ ಅನುಮಾನ. ವೆಡೇಲಿಯಾ ಮಾತ್ರ ಕಿತ್ತಷ್ಟೂ ತುಂಡಾಗಿ, ತುಂಡು ಬಿದ್ದಲ್ಲೆಲ್ಲ ಬೇರು ಬಿಡುತ್ತಿದೆ. ಮೊನ್ನೆಯ ಮಳೆಗೆ ಕಾಂಪೌಂಡಿನಾಚೆಗೂ ಹಬ್ಬಿದೆ; ಪಕ್ಕದ ಮನೆಯವರ ಹತ್ತಿರ ಅನುಮತಿ ಕೇಳಿ, ನಾಳೆ ಅಲ್ಲೂ ಕೀಳಬೇಕು.