ಹಳೆಯ ಜಿಪ್ಸಿಯ ಲೀಫ್ ಸ್ಪ್ರಿಂಗ್: ಬದಲಾವಣೆಯ ದಾರಿಗಳು ಮತ್ತು ಕಾನೂನಿನ ಗೆರೆ

ಮಾರುತಿ ಜಿಪ್ಸಿ 1985ರ ಕೊನೆಯಲ್ಲಿ ಮಾರುಕಟ್ಟೆಗೆ ಬಂದಾಗ ಅದರ ನಾಲ್ಕೂ ಚಕ್ರಗಳಿಗೆ ಲೀಫ್ ಸ್ಪ್ರಿಂಗ್, ಅಂದರೆ ಒಂದರ ಮೇಲೊಂದು ಜೋಡಿಸಿದ ಬಾಗಿದ ಉಕ್ಕಿನ ಪ್ಲೇಟ್‌ಗಳ ಸೆಟ್, ಇತ್ತು. ಮೂರು ದಶಕ ದಾಟಿ ತಯಾರಿಕೆ ನಿಲ್ಲುವವರೆಗೂ ಅದು ಬದಲಾಗಲಿಲ್ಲ. ಭಾರ ಹೊರುವುದಕ್ಕೆಂದು ಗಟ್ಟಿಯಾಗಿ ಕಟ್ಟಿದ ಸ್ಪ್ರಿಂಗ್ ಆದ್ದರಿಂದ, ಚಾಲಕನೊಬ್ಬನೇ ಕುಳಿತ ಖಾಲಿ ಗಾಡಿ ಮಲೆನಾಡಿನ ಕಲ್ಲುರಸ್ತೆಯಲ್ಲಿ ಹಿಂದಿನಿಂದ ಎಗರುತ್ತದೆ. ಇದನ್ನು ಸರಿಪಡಿಸಲು ಗ್ಯಾರೇಜುಗಳಲ್ಲಿ ಹೇಳುವ ದಾರಿಗಳು ಹಲವು. ಅವುಗಳಲ್ಲಿ ಕೆಲವನ್ನು ತೊಂಬತ್ತರ ದಶಕದ ನನ್ನ ಎಂಜಿ413ಡಬ್ಲ್ಯೂ ಮಾದರಿಯ ಜಿಪ್ಸಿಯಲ್ಲಿಯೂ, ಉಳಿದವನ್ನು ಅದೇ ಮಾದರಿಯ ಗೆಳೆಯರ ಗಾಡಿಗಳಲ್ಲಿಯೂ ಮೂಡಿಗೆರೆ ಕಡೆಯ ತೋಟದ ದಾರಿಗಳಲ್ಲಿ ಮತ್ತು ಚಾರ್ಮಾಡಿ ಘಾಟಿಯಲ್ಲಿ ಓಡಿಸಿ ನೋಡಿದ್ದೇನೆ.

ಅತಿ ಅಗ್ಗದ ದಾರಿ ಹಿಂದಿನ ಸೆಟ್‌ನಿಂದ ಒಂದು ಪ್ಲೇಟ್ ತೆಗೆಯುವುದು. ಖಾಲಿ ಗಾಡಿಯಲ್ಲಿ ಫಲ ತಕ್ಷಣ ಕಾಣುತ್ತದೆ. ಹಳ್ಳ ಬಿದ್ದ ಟಾರಿನ ಮೇಲೆ ಬೆನ್ನಿಗೆ ಬೀಳುವ ಪೆಟ್ಟು ನಿಜವಾಗಿಯೂ ಕಡಿಮೆಯಾಗುತ್ತದೆ. ಆದರೆ 50 ಕೆ.ಜಿ.ಯ ಕೆಲವು ಕಾಫಿ ಮೂಟೆಗಳನ್ನು ಹಿಂದೆ ಹಾಕಿದೊಡನೆ ಗಾಡಿ ಕುಸಿದು ಕೂರುತ್ತದೆ, ಆಕ್ಸಲ್ (ಎರಡು ಚಕ್ರಗಳನ್ನು ಜೋಡಿಸುವ ಅಡ್ಡ ಕೊಳವೆ) ಪದೇ ಪದೇ ಬಂಪ್ ಸ್ಟಾಪ್‌ಗೆ (ಅದು ತೀರಾ ಮೇಲೇರದಂತೆ ತಡೆಯುವ ರಬ್ಬರ್ ತುಂಡಿಗೆ) ಬಡಿಯುತ್ತದೆ, ಮತ್ತು ಒಟ್ಟು ಭಾರ ಉಳಿದ ಪ್ಲೇಟ್‌ಗಳ ಮೇಲೆ ಬೀಳುವುದರಿಂದ ಅವು ಬೇಗ ದಣಿಯುತ್ತವೆ. ಇದನ್ನೇ ಮಾಡಿಸುವವರು ಒಂದು ವಿಷಯವನ್ನಾದರೂ ಗಮನಿಸಬೇಕು: ಮೇನ್ ಪ್ಲೇಟಿನ ಕಣ್ಣಿಗೆ (ಬೋಲ್ಟ್ ಕೂರುವ ತುದಿಯ ಸುರುಳಿಗೆ) ಆಸರೆಯಾಗಿರುವ ಎರಡನೆಯ ಪ್ಲೇಟನ್ನು ಎಂದಿಗೂ ತೆಗೆಸಬಾರದು. ಮೇನ್ ಪ್ಲೇಟ್ ಮುರಿದಾಗ ಆಕ್ಸಲ್ ಜಾಗ ಬಿಟ್ಟು ಹೋಗದಂತೆ ಹಿಡಿಯುವುದು ಅದೇ.

ಎರಡನೆಯದು ಉದ್ದನೆಯ ಶಾಕಲ್. ಸ್ಪ್ರಿಂಗಿನ ಒಂದು ತುದಿಯನ್ನು ಚಾಸಿಗೆ ಜೋಡಿಸುವ, ತೂಗಾಡುವ ಕೊಂಡಿಯೇ ಶಾಕಲ್. ಆಕ್ಸಲ್ ಸ್ಪ್ರಿಂಗಿನ ನಡುಭಾಗದಲ್ಲಿರುವುದರಿಂದ ಶಾಕಲ್ ಎರಡು ಇಂಚು ಉದ್ದವಾದರೆ ಗಾಡಿ ಸುಮಾರು ಒಂದು ಇಂಚು ಮಾತ್ರ ಮೇಲೇರುತ್ತದೆ. ಈ ಒಂದು ಇಂಚಿಗೆ ತೆರುವ ಬೆಲೆ ಹೆಚ್ಚು. ಜಿಪ್ಸಿಯ ಮುಂದಿನ ಸ್ಪ್ರಿಂಗಿಗೆ ಶಾಕಲ್ ಇರುವುದು ಮುಂತುದಿಯಲ್ಲಿ. ಅಲ್ಲಿ ಉದ್ದ ಹೆಚ್ಚಿಸಿದರೆ ಆಕ್ಸಲ್ ಮುಂದಕ್ಕೆ ವಾಲಿ ಕ್ಯಾಸ್ಟರ್ ಕೋನ (ಚಕ್ರ ಹೊರಳುವ ಅಕ್ಷ ಹಿಂದಕ್ಕೆ ವಾಲಿರುವ ಕೋನ) ಕಡಿಮೆಯಾಗುತ್ತದೆ. ಆಮೇಲೆ ತಿರುವಿನಿಂದ ಹೊರಬರುವಾಗ ಸ್ಟಿಯರಿಂಗ್ ತಾನಾಗಿ ನೇರಕ್ಕೆ ಮರಳುವುದಿಲ್ಲ. ಚಾರ್ಮಾಡಿಯಂಥ ಘಾಟಿಯಲ್ಲಿ, ಅದೂ ಮಳೆಗಾಲದ ಮಂಜಿನಲ್ಲಿ, ಇದು ತಡೆದುಕೊಳ್ಳಬೇಕಾದ ಅನನುಕೂಲವಲ್ಲ, ಅಪಾಯ. ಸವಾರಿಯ ಮೆದುತನದಲ್ಲಿ ನನಗೆ ಯಾವ ವ್ಯತ್ಯಾಸವೂ ಕಾಣಲಿಲ್ಲ.

ಮೂರನೆಯದು ಪ್ಯಾರಾಬೋಲಿಕ್ ಸ್ಪ್ರಿಂಗ್. ಇದರಲ್ಲಿ ಪ್ಲೇಟ್‌ಗಳು ಕಡಿಮೆ. ಪ್ರತಿಯೊಂದೂ ನಡುವೆ ದಪ್ಪವಾಗಿದ್ದು ತುದಿಗೆ ತೆಳುವಾಗುತ್ತ ಹೋಗುತ್ತದೆ ಮತ್ತು ಅವು ನಡುವೆ ಹಾಗೂ ತುದಿಗಳಲ್ಲಿ ಮಾತ್ರ ಒಂದನ್ನೊಂದು ಮುಟ್ಟುತ್ತವೆ. ಪ್ಲೇಟ್‌ಗಳ ನಡುವಿನ ಉಜ್ಜಾಟ ತೀರಾ ಕಡಿಮೆಯಾದ ಕಾರಣ ಸಣ್ಣ ಕಲ್ಲುಗಳ ಕಂಪನ ಒಳಗೆ ಬರುವುದು ತುಂಬಾ ಕಡಿಮೆ. ಹಾಗೆಂದು, ಹಳೆಯ ಸ್ಪ್ರಿಂಗ್‌ನಲ್ಲಿ ಅದೇ ಉಜ್ಜಾಟ ಕುಣಿತವನ್ನು ತಡೆಯುವ ಕೆಲಸವನ್ನೂ ಮಾಡುತ್ತಿತ್ತು ಎಂಬುದನ್ನು ಮರೆಯುವಂತಿಲ್ಲ. ಸೋತ ಶಾಕ್ ಅಬ್ಸಾರ್ಬರ್ ಇಟ್ಟುಕೊಂಡು ಪ್ಯಾರಾಬೋಲಿಕ್ ಹಾಕಿಸಿದ ಗಾಡಿ ತಿರುವುಗಳಲ್ಲಿ ತೇಲಾಡುತ್ತದೆ. ಹೊಸ, ಬಿಗಿಯಾದ ಶಾಕ್ ಜೊತೆಗಿದ್ದಾಗ ನಾನು ಕುಳಿತ ಜಿಪ್ಸಿಗಳಲ್ಲೆಲ್ಲ ಅತಿ ಸುಖವಾದದ್ದು ಇದೇ. ಖರ್ಚು ಮಾತ್ರ ಎಲ್ಲರ ಕೈಗೆಟಕುವಂಥದ್ದಲ್ಲ.

ನಾಲ್ಕನೆಯದು ಆಕ್ಸಲ್‌ನ ಕೆಳಗಿರುವ ಸ್ಪ್ರಿಂಗನ್ನು ಮೇಲಕ್ಕೆ ತರುವುದು, ಹುಡುಗರು ‘ಸ್ಪ್ರಿಂಗ್ ಓವರ್’ ಎಂದು ಕರೆಯುವ ಕೆಲಸ. ಆಕ್ಸಲ್ ಕೊಳವೆಯ ಮತ್ತು ಸ್ಪ್ರಿಂಗ್ ಸೆಟ್‌ನ ದಪ್ಪದಷ್ಟು, ಅಂದರೆ ಸುಮಾರು ಐದು ಇಂಚು, ಗಾಡಿ ಎತ್ತರವಾಗುತ್ತದೆ. ಇದಕ್ಕಾಗಿ ಆಕ್ಸಲ್ ಮೇಲೆ ಹೊಸ ಪ್ಯಾಡ್‌ಗಳನ್ನು ಸರಿಯಾದ ಕೋನದಲ್ಲಿ ವೆಲ್ಡ್ ಮಾಡಬೇಕು, ಬ್ರೇಕ್ ಹೋಸ್ ಉದ್ದವಾಗಬೇಕು, ಆಕ್ಸಲ್‌ಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಸರಿಹೊಂದಬೇಕು, ಸ್ಟಿಯರಿಂಗ್‌ನ ಚಲನೆಯನ್ನು ಚಕ್ರಗಳತ್ತ ಒಯ್ಯುವ ಡ್ರ್ಯಾಗ್ ಲಿಂಕ್ ಎಂಬ ಸರಳು ಬದಲಾಗಬೇಕು. ಇವುಗಳಲ್ಲಿ ಕೊನೆಯದನ್ನು ಬಿಟ್ಟ ಗಾಡಿಯೊಂದನ್ನು ಓಡಿಸಿದಾಗ, ಪ್ರತಿ ಉಬ್ಬಿನಲ್ಲಿಯೂ ಚಕ್ರ ತನ್ನಷ್ಟಕ್ಕೆ ಒಂದು ಕಡೆಗೆ ಎಳೆಯುತ್ತಿತ್ತು. ಬಂಡೆಗಳ ಮೇಲೆ ಹತ್ತುವಾಗ ಈ ಗಾಡಿಗೆ ಸಾಟಿಯಿಲ್ಲ. ಆದರೆ ಗುರುತ್ವ ಕೇಂದ್ರ ಮೇಲೇರಿದ ಅದೇ ಗಾಡಿಯನ್ನು ಹೆದ್ದಾರಿಯಲ್ಲಿ ಮನೆಮಂದಿಯನ್ನು ಕೂರಿಸಿಕೊಂಡು ಓಡಿಸಲು ನಾನು ಒಪ್ಪುವುದಿಲ್ಲ.

ಇನ್ನುಳಿದದ್ದು ಮೂಲ ಸೆಟ್ಟನ್ನೇ ಬಿಚ್ಚಿ ಸರಿಪಡಿಸುವುದು. ಇದನ್ನು ಯಾರೂ ಬದಲಾವಣೆ ಎಂದು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ನನಗೆ ಅತಿ ಹೆಚ್ಚು ಫಲ ಸಿಕ್ಕಿದ್ದು ಇದರಿಂದಲೇ. ಸ್ಪ್ರಿಂಗನ್ನು ಆಕ್ಸಲ್‌ಗೆ ಬಿಗಿಯುವ ಯು ಬೋಲ್ಟ್ ಕಳಚಿ ಸೆಟ್ ಬೇರ್ಪಡಿಸಿದಾಗ ಪ್ಲೇಟ್‌ಗಳ ನಡುವೆ ತುಕ್ಕು ಪದರಗಟ್ಟಿ, ಇಡೀ ಸೆಟ್ ಒಂದೇ ಕಬ್ಬಿಣದ ತುಂಡಿನಂತೆ ಆಗಿತ್ತು. ಶಾಕಲ್‌ನ ಬೋಲ್ಟ್ ಸುತ್ತ ಕೂರುವ ರಬ್ಬರ್ ಬುಶ್‌ಗಳು ಮೊಟ್ಟೆಯಾಕಾರಕ್ಕೆ ಸವೆದು, ಲೋಹಕ್ಕೆ ಲೋಹ ತಾಗುತ್ತಿತ್ತು. ಪ್ಲೇಟ್‌ಗಳನ್ನು ವೈರ್ ಬ್ರಷ್‌ನಿಂದ ಉಜ್ಜಿ, ನಡುವೆ ಗ್ರಾಫೈಟ್ ಗ್ರೀಸ್ ಸವರಿ, ಹೊಸ ಬುಶ್, ಹೊಸ ಯು ಬೋಲ್ಟ್ ಮತ್ತು ಮೂಲ ಅಳತೆಯ ಶಾಕ್ ಹಾಕಿಸಿದ ಮೇಲೆ, ಸ್ಪ್ರಿಂಗ್‌ನ ದೋಷ ಎಂದುಕೊಂಡಿದ್ದ ಒರಟುತನದ ಬಹುಪಾಲು ಹೋಯಿತು. ಇಲ್ಲೊಂದು ಸೂಕ್ಷ್ಮವಿದೆ: ಬುಶ್‌ಗಳ ಬೋಲ್ಟನ್ನು ಗಾಡಿ ಜಾಕ್ ಮೇಲಿರುವಾಗ ಪೂರ್ತಿ ಬಿಗಿಸಬಾರದು. ಚಕ್ರಗಳು ನೆಲಕ್ಕೂರಿ ಗಾಡಿ ತನ್ನ ಭಾರದಲ್ಲಿ ನಿಂತ ಮೇಲೆಯೇ ಬಿಗಿಸಬೇಕು. ಇಲ್ಲವಾದರೆ ರಬ್ಬರ್ ಸದಾ ತಿರುಚಿದ ಸ್ಥಿತಿಯಲ್ಲಿಯೇ ಉಳಿದು ಬೇಗ ಹರಿಯುತ್ತದೆ. ಕೆಲವು ನೂರು ಕಿಲೋಮೀಟರ್ ಓಡಿದ ನಂತರ ಯು ಬೋಲ್ಟ್‌ಗಳನ್ನು ಮತ್ತೊಮ್ಮೆ ಬಿಗಿಸುವುದೂ ಅಷ್ಟೇ ಅಗತ್ಯ.

ಈಗ ಕಾನೂನು. ಮೋಟಾರು ವಾಹನ ಕಾಯ್ದೆ 1988ರ 52ನೆಯ ಕಲಮಿನ ಪ್ರಕಾರ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೂಲತಃ ನಮೂದಿಸಿದ್ದಕ್ಕಿಂತ ಬೇರೆಯಾಗುವಂತೆ ಮಾಲೀಕರು ವಾಹನವನ್ನು ಬದಲಾಯಿಸುವಂತಿಲ್ಲ. ವಾಹನದ ರಚನೆಯಲ್ಲಿ ಮಾಡಿದ ವ್ಯತ್ಯಾಸದಿಂದ ಅದರ ಮೂಲ ಲಕ್ಷಣವೇ ಬದಲಾಗುವುದನ್ನು ಮಾರ್ಪಾಡು ಎನ್ನುತ್ತಾರೆಂದು ಅದೇ ಕಲಮಿನ ವಿವರಣೆ ಹೇಳುತ್ತದೆ. ಕೇರಳದಿಂದ ಹೋದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಈ ನಿರ್ಬಂಧವನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಿಂದ ಸೇರಿದ 182ಎ ಕಲಮಿನ ಅಡಿಯಲ್ಲಿ, ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೂ ಮಾಲೀಕರಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗಿನ ಸೆರೆವಾಸ ಅಥವಾ ಎರಡನ್ನೂ ವಿಧಿಸಬಹುದು.

ಈ ಅಳತೆಗೋಲಿನಲ್ಲಿ ಇಟ್ಟು ನೋಡಿದರೆ, ಬುಶ್, ಶಾಕ್ ಮತ್ತು ಅದೇ ಮಾದರಿಯ ಸ್ಪ್ರಿಂಗ್ ಬದಲಿಸುವುದು ದುರಸ್ತಿ. ಅದರ ಬಗ್ಗೆ ಯಾವ ಅನುಮಾನವೂ ಬೇಡ. ಸ್ಪ್ರಿಂಗ್ ಓವರ್ ಕೆಲಸ ವೆಲ್ಡಿಂಗ್, ಸ್ಟಿಯರಿಂಗ್ ಮತ್ತು ಎತ್ತರ ಮೂರನ್ನೂ ಮುಟ್ಟುವುದರಿಂದ ಅದನ್ನು ರಚನೆಯ ಬದಲಾವಣೆಯಲ್ಲವೆಂದು ವಾದಿಸುವುದು ಕಷ್ಟ. ಪ್ಯಾರಾಬೋಲಿಕ್ ಸೆಟ್ ಮೂಲ ಹ್ಯಾಂಗರ್‌ಗಳಿಗೇ (ಸ್ಪ್ರಿಂಗಿನ ತುದಿ ಹಿಡಿಯುವ ಚಾಸಿಯ ಹಿಡಿಕೆಗಳಿಗೇ) ಕೂತು, ಎತ್ತರವೂ ಮೊದಲಿನಷ್ಟೇ ಉಳಿದರೆ, ನೋಂದಣಿ ಪತ್ರದ ಯಾವ ವಿವರವೂ ಬದಲಾಗುವುದಿಲ್ಲ ಎಂಬುದು ನನ್ನ ಓದು. ಆದರೂ ಹಾಕಿಸುವ ಮುನ್ನ ಆರ್‌ಟಿಒ ಕಚೇರಿಯಲ್ಲಿ ಲಿಖಿತವಾಗಿ ಕೇಳುವುದು ಒಳ್ಳೆಯದು. ಖಾಸಗಿ ವಾಹನದ ನೋಂದಣಿ 15 ವರ್ಷಕ್ಕೆ ಮುಗಿದು, ಅನಂತರ ಐದೈದು ವರ್ಷಕ್ಕೆ ನವೀಕರಣವಾಗುವಾಗ ಗಾಡಿಯ ತಪಾಸಣೆ ನಡೆಯುತ್ತದೆ. ಹಳೆಯ ಜಿಪ್ಸಿಗಳೆಲ್ಲ ಈ ಬಾಗಿಲನ್ನು ದಾಟಲೇಬೇಕು. ವಿಮೆಯ ಕಂಪನಿಗೆ ತಿಳಿಸದ ಬದಲಾವಣೆ ಅಪಘಾತದ ನಂತರ ಪರಿಹಾರದ ತಕರಾರಿಗೆ ಕಾರಣವಾಗಬಹುದು ಎಂಬುದೂ ನೆನಪಿರಲಿ.

ಹಳೆಯ ಅಂಬಾಸಿಡರ್, ಫಿಯಟ್ ಅಥವಾ ಜೀಪ್ ಇಟ್ಟುಕೊಂಡವರು ಇನ್ನಷ್ಟು ಎಚ್ಚರ ವಹಿಸಬೇಕು. 2021ರ ನಿಯಮಗಳ ಪ್ರಕಾರ ವಿಂಟೇಜ್ ನೋಂದಣಿ ಸಿಗುವುದು 50 ವರ್ಷ ದಾಟಿದ, ಮೂಲ ರೂಪದಲ್ಲಿಯೇ ಉಳಿಸಿಕೊಂಡ, ಚಾಸಿಯಲ್ಲಾಗಲಿ ಬಾಡಿಯಲ್ಲಾಗಲಿ ಎಂಜಿನ್‌ನಲ್ಲಾಗಲಿ ಗಣನೀಯ ಮಾರ್ಪಾಡಾಗದ ವಾಹನಕ್ಕೆ ಮಾತ್ರ. ಆದ್ದರಿಂದ ಚಾಸಿಗೆ ಗ್ಯಾಸ್ ಕಟರ್ ತಾಗಿಸುವ ಮೊದಲು ಮೂಲ ಸೆಟ್ಟನ್ನು ಒಮ್ಮೆ ಬಿಚ್ಚಿ, ಪ್ಲೇಟ್‌ಗಳನ್ನು ಉಜ್ಜಿ, ಬುಶ್ ಬದಲಿಸಿ ಓಡಿಸಿ ನೋಡಿ. ಅಷ್ಟಾದ ಮೇಲೂ ಒರಟು ಎನಿಸಿದರೆ, ಮೂಲ ಹ್ಯಾಂಗರ್‌ಗಳಿಗೇ ಕೂರುವ ಪ್ಯಾರಾಬೋಲಿಕ್ ಸೆಟ್ ಮತ್ತು ಹೊಸ ಶಾಕ್‌ಗೆ ಹಣ ಕೂಡಿಸಿಕೊಳ್ಳಿ. ತೆಗೆದ ಹಳೆಯ ಸ್ಪ್ರಿಂಗುಗಳನ್ನು ಗುಜರಿಗೆ ಹಾಕದೆ ಗ್ರೀಸ್ ಸವರಿ ಜೋಪಾನವಾಗಿಡಿ.